ಚುಕ್ಕಿಯ ಲೆಕ್ಕ: ಪ್ರೌಢಶಾಲಾ ಗಣಿತದಲ್ಲಿ ಯೋಜನಾಧಾರಿತ ಕಲಿಕೆ

ಬೋಧನೆಯಲ್ಲಿ ಯೋಜನಾ ವಿಧಾನವು ಹೊಸದೇನಲ್ಲ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿಯೇ ‘ದಿ ಪ್ರಾಜೆಕ್ಟ್ ಮೆಥಡ್’ ಎಂಬ ಪ್ರಬಂಧದಲ್ಲಿ ಅದನ್ನು ಪ್ರತಿಪಾದಿಸಿದರು. ಶಾಲೆಯ ಹೊರಗಿನ ಬದುಕಿನೊಡನೆ ಅರಿವನ್ನು ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ಸೂತ್ರಗಳಲ್ಲೊಂದು. ಆದರೆ ಆಚರಣೆಯಲ್ಲಿ ಯೋಜನೆಯು ಅನೇಕ ವೇಳೆ ಗಣಿತಜ್ಞರ ಚಿತ್ರ ಅಂಟಿಸಿದ ಚಾರ್ಟಿನಲ್ಲಿಯೇ ಮುಗಿದುಹೋಗುತ್ತದೆ. ಜಾನಪದ ಸಾಮಗ್ರಿಯೂ ತರಗತಿಯಲ್ಲಿ ಬರಿಯ ಅಲಂಕಾರವಾಗಿ ಉಳಿಯುವ ಅಪಾಯವಿದೆ. ಅದು ಶೋಧನೆಯ ವಸ್ತುವಾಗುವ ಬಗೆಯನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚುಕ್ಕಿ ರಂಗೋಲಿಯನ್ನು ಬಲ್ಲ ಹೆಣ್ಣುಮಕ್ಕಳು ‘7ರಿಂದ 4, ಸಂದು ಚುಕ್ಕಿ’ ಎಂದಷ್ಟೇ ಹೇಳಿದರೆ ಕೇಳುವವರಿಗೆ ಇಡೀ ವಿನ್ಯಾಸದ ಹಂದರ ತಿಳಿಯುತ್ತದೆ. ನಡುವಿನ ಸಾಲಿನಲ್ಲಿ 7 ಚುಕ್ಕಿ. ಮೇಲೂ ಕೆಳಗೂ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ 6, 5, 4. ಹಾಗಾದರೆ ಒಟ್ಟು ಚುಕ್ಕಿಗಳೆಷ್ಟು? ಯೋಜನೆ ಆರಂಭವಾಗಬೇಕಾದುದು ಈ ಪ್ರಶ್ನೆಯಿಂದ.

ವಿದ್ಯಾರ್ಥಿಗಳು ತಮ್ಮ ಮನೆ, ಕೇರಿಗಳಿಂದ ಇಂತಹ ವಿನ್ಯಾಸಗಳನ್ನು ಸಂಗ್ರಹಿಸಿ ಎಣಿಸಲಿ. 3ರಿಂದ 2ಕ್ಕೆ 7, 5ರಿಂದ 3ಕ್ಕೆ 19, 7ರಿಂದ 4ಕ್ಕೆ 37 ಚುಕ್ಕಿಗಳು ದೊರೆಯುತ್ತವೆ. ಒಂಟಿ ಚುಕ್ಕಿಯನ್ನೂ ಸೇರಿಸಿಕೊಂಡರೆ ಇವುಗಳ ನಡುವಣ ವ್ಯತ್ಯಾಸ 6, 12, 18. ಹತ್ತನೆಯ ತರಗತಿಯ ಸಮಾಂತರ ಶ್ರೇಢಿ ಇಲ್ಲಿ ಅಂಗಳದಲ್ಲಿಯೇ ಕಾಣಿಸುತ್ತದೆ. ಕೊನೆಯ ಸಾಲಿನ ಚುಕ್ಕಿಗಳನ್ನು ‘ನ’ ಎಂದುಕೊಂಡರೆ ಒಟ್ಟು ಸಂಖ್ಯೆ 3ನ(ನ−1)+1. ಅದರಂತೆ 15ರಿಂದ 8ರ ರಂಗೋಲಿಗೆ 169 ಚುಕ್ಕಿಗಳು ಬೇಕು. ಇಟ್ಟು ಎಣಿಸಿ ತಾಳೆ ನೋಡಬಹುದು. 1, 7, 19, 37 ಇವನ್ನು ಕೂಡಿದರೆ 64, ಎಂದರೆ 4ರ ಘನ ಬರುವುದೂ ಮಕ್ಕಳೇ ಕಂಡುಕೊಳ್ಳಬಹುದಾದ ಸಂಗತಿ.

ಆದರೆ ನಾಲ್ಕು ಉದಾಹರಣೆಗಳು ಹೊಂದಿಕೊಂಡ ಮಾತ್ರಕ್ಕೆ ಸೂತ್ರ ಸಿದ್ಧವಾಗುವುದಿಲ್ಲ. ನಡುವಿನ ಚುಕ್ಕಿಯನ್ನು ಷಡ್ಭುಜಾಕೃತಿಯ ಬಳೆಗಳು ಸುತ್ತುವರಿದಿವೆ; ಪ್ರತಿ ಹೊರಬಳೆಯಲ್ಲಿ ಆರು ಬದಿಗಳಿಗೂ ಒಂದೊಂದು ಚುಕ್ಕಿ ಹೆಚ್ಚುವುದರಿಂದ ವ್ಯತ್ಯಾಸವು ಆರಾರರಂತೆ ಬೆಳೆಯುತ್ತದೆ. ಈ ಕಾರಣವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ನಿರೂಪಿಸಿದಾಗಲೇ ಯೋಜನೆ ಗಣಿತವಾಗುತ್ತದೆ. ಮೌಲ್ಯಮಾಪನದ ಅಂಕಗಳು ಸಲ್ಲಬೇಕಾದುದು ಈ ನಿರೂಪಣೆಗೆ, ಬಣ್ಣಗಾರಿಕೆಗಲ್ಲ. ಇದಕ್ಕೆ ಹಲವು ಅವಧಿಗಳು ಬೇಕಾಗುವುದರಿಂದ ವರ್ಷಕ್ಕೆ ಒಂದೆರಡು ಯೋಜನೆಗಳನ್ನು ಮಾತ್ರ ಕೈಗೊಳ್ಳುವುದು ಯುಕ್ತ.

ರಂಗೋಲಿ ಹಾಕುವ ಗೃಹಿಣಿಗೆ ಬೀಜಗಣಿತದ ಸೂತ್ರ ತಿಳಿದಿತ್ತೆಂದು ಹೇಳುವುದು ಅತಿಶಯೋಕ್ತಿ. ಆಕೆಯದು ಬರಿಯ ಕೈಚಳಕವೆನ್ನುವುದು ಅನ್ಯಾಯ. ಕ್ರಮವನ್ನು ಗ್ರಹಿಸಿ, ಚಿಕ್ಕ ಮಾತಿನಲ್ಲಿ ಅಡಕಗೊಳಿಸಿ, ತಪ್ಪಿಲ್ಲದೆ ಮರುಸೃಷ್ಟಿಸುವ ಸಾಮರ್ಥ್ಯ ಆಕೆಯದು. ಆದ್ದರಿಂದ ವಿದ್ಯಾರ್ಥಿಯ ವರದಿಯಲ್ಲಿ ವಕ್ತೃವಿನ ಹೆಸರು, ಆಕೆಯ ಒಪ್ಪಿಗೆಯೊಂದಿಗೆ, ದಾಖಲಾಗಬೇಕು. ತನಗೆ ಲೆಕ್ಕ ಬಾರದೆಂದು ನಂಬಿದ ಅಜ್ಜಿಯ ಬಳಿಗೆ ಮೊಮ್ಮಗಳು ಲೆಕ್ಕ ಕೇಳಲು ಹೋಗುವುದು ಕೇವಲ ಬೋಧನಾ ತಂತ್ರವಲ್ಲ. ಜ್ಞಾನ ಯಾರದೆಂಬ ಪ್ರಶ್ನೆಗೆ ಶಾಲೆ ನೀಡುವ ಉತ್ತರವೂ ಹೌದು.