ಧ್ವನಿಸಾಮ್ಯವೂ ಭಾಷಾಬಾಂಧವ್ಯವೂ

ದಹಿಸರಿನ ಪೇಟೆಯಲ್ಲಿ ಮರಾಠಿ, ಗುಜರಾತಿಗಳ 'ಆಠ್', ತಮಿಳಿನ 'ಎಟ್ಟು', ಕನ್ನಡದ 'ಎಂಟು' ಒಟ್ಟಿಗೇ ಕಿವಿಗೆ ಬೀಳುತ್ತವೆ. ಇವುಗಳ ಪಕ್ಕದಲ್ಲಿ ಲ್ಯಾಟಿನ್ನಿನ 'ಒಕ್ತೋ' ಎಂಬುದನ್ನಿಟ್ಟರೆ, ಎಲ್ಲವೂ ಒಂದೇ ಬೇರಿನ ಕವಲುಗಳೆಂದು ತೋರುವುದು ಸಹಜ. ಆದರೆ ಕಿವಿಯ ಸಾಕ್ಷ್ಯವನ್ನು ನೆಚ್ಚುವಂತಿಲ್ಲ. ಶಬ್ದಗಳ ಪ್ರಾಚೀನ ರೂಪಗಳನ್ನು ವಿಚಾರಿಸಬೇಕು.

'ಆಠ್' ಸಂಸ್ಕೃತದ 'ಅಷ್ಟ'ದಿಂದ ಬಂದುದು. 'ಅಷ್ಟ', 'ಒಕ್ತೋ'ಗಳು ನಿಜವಾಗಿ ಒಡಹುಟ್ಟುಗಳು. 'ಎಟ್ಟು' ಹಾಗಲ್ಲ. ಕನ್ನಡದ 'ಎಂಟು', ಹಳಗನ್ನಡದ 'ಎಣ್ಬರ್', ತೆಲುಗಿನ 'ಎನಿಮಿದಿ', ತಮಿಳಿನಲ್ಲೇ ಎಂಬತ್ತಕ್ಕಿರುವ 'ಎಣ್ಪದು' ಇವೆಲ್ಲವುಗಳಲ್ಲಿ ಅನುನಾಸಿಕವಿದೆ. ಆದುದರಿಂದ ಮೂಲಧಾತು 'ಎಣ್'. ತಮಿಳಿನ 'ಎಟ್ಟು'ವಿನಲ್ಲಿ ಅಳಿದ ಈ ಧ್ವನಿಯನ್ನು ಕನ್ನಡ ಉಳಿಸಿಕೊಂಡಿರುವುದರಿಂದಲೇ ಪ್ರಶ್ನೆ ಇತ್ಯರ್ಥವಾಗುತ್ತದೆ. ಹಿಂದೆ ಹೋದಷ್ಟೂ ದೂರವಾಗುವ ಶಬ್ದಗಳಿಗೆ ಏಕಮೂಲವನ್ನು ಹೇಳಲಾಗದು.

ನಿಜವಾದ ಬಾಂಧವ್ಯಕ್ಕೆ ನಿಯಮವುಂಟು. ತಮಿಳಿನ 'ಪಾಲ್, ಪಲ್, ಪತ್ತು' ಕನ್ನಡದಲ್ಲಿ 'ಹಾಲು, ಹಲ್ಲು, ಹತ್ತು' ಆಗಿವೆ. ಆದಿಯ ಪಕಾರ ಕ್ರಮವಾಗಿ ಹಕಾರವಾಗಿದೆ. ತಮಿಳು-ಲ್ಯಾಟಿನ್‌ಗಳ ನಡುವೆ ಇಂತಹ ಕ್ರಮಬದ್ಧ ಸಾಲು ದೊರೆತಿಲ್ಲ. ದಕ್ಷಿಣದ ಭಾಷೆಗಳದು ಬೇರೆಯೇ ಕುಲವೆಂದು ಎಲ್ಲಿಸನು 1816ರಲ್ಲಿ ತೋರಿಸಿದನು. ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ 1856ರಲ್ಲಿಯೂ, ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶ 1961ರಲ್ಲಿಯೂ ಹೊರಬಂದು ಆ ತಳಹದಿಯನ್ನು ಭದ್ರಪಡಿಸಿದುವು.

ಹಾಗೆಂದು ಎಲ್ಲ ಸಾಮ್ಯವೂ ಆಕಸ್ಮಿಕವಲ್ಲ. ಕನ್ನಡದ 'ನಾವೆ', 'ದಂತ'ಗಳಿಗೆ ಲ್ಯಾಟಿನ್ನಿನ 'ನಾವಿಸ್', 'ದೆನ್ಸ್'ಗಳೊಡನೆ ನಂಟಿದೆ. ಆದರೆ ಅದು ಸಂಸ್ಕೃತದಿಂದ ಎರವಲು ಬಂದ ನಂಟು, ಕನ್ನಡದ ಹುಟ್ಟಿನದಲ್ಲ. ಇನ್ನು ಕೆಲವು ಶಬ್ದಗಳು ಸರಕಿನೊಡನೆ ಪಯಣಿಸಿದುವು. ಹಸಿಶುಂಠಿಗೆ ತಮಿಳಿನಲ್ಲಿ 'ಇಂಜಿ'. ಬೇರಿಗೆ 'ವೇರ್', ಅದೇ ಕನ್ನಡದ 'ಬೇರು'. ಇವೆರಡೂ ಕೂಡಿದ ದ್ರಾವಿಡ ಶಬ್ದವೇ ಪಾಲಿಯ 'ಸಿಂಗಿವೇರ'ಕ್ಕೆ ಮೂಲವೆಂದೂ, ಗ್ರೀಕಿನ ಮೂಲಕ ಅದು ಲ್ಯಾಟಿನ್ನಿನ 'ಜಿಂಗಿಬೆರ್' ಆಯಿತೆಂದೂ ವಿದ್ವಾಂಸರ ಅಭಿಪ್ರಾಯ. ಸಂಸ್ಕೃತದ 'ಶೃಂಗವೇರ'ದಲ್ಲಿ ಕೊಂಬಿನ ಅರ್ಥ ಕಾಣುವುದು ಧ್ವನಿಸಾಮ್ಯದಿಂದ ಆಮೇಲೆ ಕಲ್ಪಿತವಾದುದು.

ಹೀಗೆ ಸಾಮ್ಯಕ್ಕೆ ಆಕಸ್ಮಿಕ, ಎರವಲು, ರಕ್ತಸಂಬಂಧ ಎಂಬ ಮೂರು ಕಾರಣಗಳುಂಟು. ಪರಸ್ಥಳದಲ್ಲಿ ನೆಲೆಸಿದವರಿಗೆ ತಮ್ಮ ನುಡಿಯನ್ನು ಲೋಕಮಾನ್ಯ ಭಾಷೆಯೊಂದಕ್ಕೆ ಬಂಧುವೆಂದು ಹೇಳಿಕೊಳ್ಳುವ ಆಸೆ ಹೆಚ್ಚು. ಹಾಗೆ ಕಲ್ಪಿಸಿದ ನಂಟನ್ನು ಮಕ್ಕಳಿಗೆ ಕಲಿಸಿದರೆ, ಅದು ಹುಸಿಯೆಂದು ತಿಳಿದ ದಿನ ಅವರು ನಿಜವಾದ ಹಿರಿಮೆಯನ್ನೂ ಶಂಕಿಸಿಯಾರು. ಕನ್ನಡಕ್ಕೆ ಲ್ಯಾಟಿನ್ನಿನ ಕುಲ ಬೇಕಿಲ್ಲ. ತಮಿಳು, ತುಳು, ತೆಲುಗುಗಳೊಡನೆ ಅದಕ್ಕಿರುವ ಒಡಹುಟ್ಟು ಸ್ಪಷ್ಟವಾಗಿದೆ, ಸಪ್ರಮಾಣವೂ ಆಗಿದೆ.