ಕಿಡಿಗೂ ಒಂದು ಹೊತ್ತುಂಟು

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಹಿಮ ಕರಗಿ ಮೇ ತಿಂಗಳು ಕಾಲಿಟ್ಟಿತೆಂದರೆ, ಶನಿವಾರದ ಬೆಳಗು ಹುಲ್ಲು ಕತ್ತರಿಸುವ ಯಂತ್ರಗಳ ಸದ್ದಿನಿಂದಲೇ ಆರಂಭವಾಗುತ್ತದೆ. ಕೂಲಿ ದುಬಾರಿಯಾದ ಈ ನಾಡಿನಲ್ಲಿ ಅದನ್ನು ತಳ್ಳುವವರೂ, ಕೆಟ್ಟರೆ ಬಿಚ್ಚುವವರೂ ಬಹುಮಟ್ಟಿಗೆ ಮನೆಯವರೇ. ಇಲ್ಲಿಗೆ ಬರಬಯಸುವ ತರುಣರು ತಿಳಿದಿರಬೇಕಾದ ಸಂಗತಿಯಿದು.

ಕಳೆದ ಬೇಸಿಗೆಯಲ್ಲಿ ನೆರೆಯ ಕನ್ನಡಿಗ ತರುಣನೊಬ್ಬ ಊದಿದ ಮಣಿಕಟ್ಟನ್ನು ತೋರಿಸಲು ಬಂದ. ಯಂತ್ರದ ಅಲಗು ಮರದ ಬೇರಿಗೆ ಬಡಿದು ಎಂಜಿನ್ ನಿಂತಿತ್ತು. ಹೊಸ ಅಲಗು ಹಾಕಿ ಹಗ್ಗ ಎಳೆದಾಗ, "ಹಗ್ಗವೇ ನನ್ನನ್ನು ಹಿಂದಕ್ಕೆ ಎಳೆಯಿತು, ಡಾಕ್ಟ್ರೇ" ಎಂದ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ವೈದ್ಯರಿಗೆ ಇದು ಹಳೆಯ ಕಥೆ. ಕಾರುಗಳನ್ನು ಕೈಹಿಡಿ ತಿರುಗಿಸಿ ಚಾಲೂ ಮಾಡುತ್ತಿದ್ದ ಕಾಲದಲ್ಲಿ, ಕಿಡಿ ಅಕಾಲದಲ್ಲಿ ಸಿಡಿದರೆ ಹಿಡಿ ಹಿಮ್ಮುಖವಾಗಿ ತಿರುಗಿ ಮಣಿಕಟ್ಟಿನ ಮೂಳೆ ಮುರಿಯುತ್ತಿತ್ತು. ಆ ಬಗೆಯ ಮುರಿತಕ್ಕೆ ಇಂದಿಗೂ 'ಶೋಫರ್ಸ್ ಫ್ರಾಕ್ಚರ್' ಎಂದೇ ಹೆಸರು; ಶೋಫರ್ ಎಂದರೆ ಕಾರಿನ ಚಾಲಕ. 1912ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ವಿದ್ಯುತ್ ಸ್ಟಾರ್ಟರ್ ಬಂದಿತು. ಕ್ರಮೇಣ ಈ ಅಪಾಯ ಇಳಿಯಿತು.

ಸಣ್ಣ ಎಂಜಿನ್ನಿನಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವುದು ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ. ಅದು ಕಾಯಿಲ್‌ನ ಮುಂದೆ ಹಾದುಹೋದಾಗ, ಪಿಸ್ಟನ್ ಮೇಲ್ತುದಿ ತಲುಪುವ ತುಸು ಮೊದಲು, ಕಿಡಿ ಹುಟ್ಟಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ತಗಲುವುದು ಸೆಕೆಂಡಿನ ಐವತ್ತನೆಯ ಒಂದು ಭಾಗ ಮಾತ್ರ. ಫ್ಲೈವೀಲನ್ನು ಕ್ರ್ಯಾಂಕ್ ಶಾಫ್ಟ್‌ಗೆ ಹೊಂದಿಸಿಡುವುದು ಬೆರಳ ತುದಿಯಷ್ಟು ಚಿಕ್ಕದಾದ ಮೆತು ಲೋಹದ ಕೀ. ಅಲಗು ಥಟ್ಟನೆ ನಿಂತಾಗ ಶಾಫ್ಟ್ ನಿಲ್ಲುತ್ತದೆ, ಭಾರವಾದ ಫ್ಲೈವೀಲ್ ಮುಂದೆ ಸರಿಯುತ್ತದೆ, ಕೀ ಕತ್ತರಿಸಿಹೋಗುತ್ತದೆ. ಆಮೇಲೆ ಕಿಡಿ ಬೇಗನೆ ಸಿಡಿದು, ಏರುತ್ತಿರುವ ಪಿಸ್ಟನ್ನನ್ನೇ ಹಿಂದಕ್ಕೆ ತಳ್ಳುತ್ತದೆ.

ಆದುದರಿಂದ ಇಲ್ಲಿ ಟೈಮಿಂಗ್ ಹೊಂದಿಸುವುದೆಂದರೆ ಸ್ಕ್ರೂ ತಿರುಗಿಸುವುದಲ್ಲ, ತಪ್ಪಿದ ಜೋಡಣೆಯನ್ನು ಮರಳಿ ಕೂಡಿಸುವುದು. ಮೊದಲು ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಿ ದೂರವಿಡಬೇಕು. ಫ್ಲೈವೀಲ್ ತೆಗೆದು, ಶಾಫ್ಟ್‌ನ ಇಳಿಜಾರು ಭಾಗವನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ತಯಾರಕರು ಹೇಳಿದ ಕೀಯನ್ನೇ ಕೂರಿಸಬೇಕು. ಗಟ್ಟಿಯಾಗಿರಲೆಂದು ಉಕ್ಕಿನ ತುಂಡು ಹಾಕಬಾರದು. ಮೆತು ಕೀ ತಾನು ಮುರಿದು ದುಬಾರಿ ಶಾಫ್ಟನ್ನು ಉಳಿಸುತ್ತದೆ. ನಟ್ಟನ್ನು ಕೈಪಿಡಿಯ ಅಳತೆಗೆ ಬಿಗಿದು, ಅಯಸ್ಕಾಂತಕ್ಕೂ ಕಾಯಿಲ್‌ಗೂ ನಡುವಿನ ತೆರಪನ್ನು ಸರಿಪಡಿಸಬೇಕು. ಅನೇಕ ಎಂಜಿನ್‌ಗಳಲ್ಲಿ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಸಾಕು. ರಿಪೇರಿಯಲ್ಲಿ ಕ್ಯಾಮ್ ಶಾಫ್ಟನ್ನೂ ಬಿಚ್ಚಿದ್ದರೆ, ಎರಡು ಹಲ್ಲುಚಕ್ರಗಳ ಮೇಲಿನ ಗುರುತುಗಳು ಎದುರುಬದುರಾಗಿ ಕೂಡಲೇಬೇಕು. ಇಲ್ಲವಾದರೆ ವಾಲ್ವ್‌ಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತವೆ. ಎಲ್ಲವೂ ಮುಗಿದ ಮೇಲೆಯೇ ಪ್ಲಗ್‌ನ ತಂತಿ.

ಆ ತರುಣನ ಯಂತ್ರವನ್ನು ಬಿಚ್ಚಿದಾಗ ಕೀ ಅರ್ಧ ಕತ್ತರಿಸಿತ್ತು. ಕೆಲವೇ ಡಾಲರಿನ ಹೊಸ ಕೀ ಹಾಕಿದೆವು; ಎರಡನೆಯ ಎಳೆತಕ್ಕೆ ಎಂಜಿನ್ ಎದ್ದಿತು.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರವನ್ನೂ ಹಗ್ಗ ಎಳೆದೇ ಚಾಲೂ ಮಾಡುತ್ತಾರೆ. ಕಲ್ಲಿಗೆ ಬಡಿದ ಮೇಲೆ ಹಗ್ಗ ಕೈಯನ್ನು ಹಿಂದಕ್ಕೆ ಸೆಳೆಯಿತೆಂದರೆ, ದಯವಿಟ್ಟು ಮತ್ತೊಮ್ಮೆ ಬಲವಾಗಿ ಎಳೆಯಲು ಹೋಗಬೇಡಿ. ಮೊದಲು ಪ್ಲಗ್‌ನ ತಂತಿ ಕಳಚಿ, ಆಮೇಲೆ ಕೀ ನೋಡಿ.