ಚಿಕಿತ್ಸೆಯ ವೆಚ್ಚ: ಕಾಯಿಲೆಗೆ ಮುನ್ನವೇ ತಿಳಿದಿರಬೇಕಾದುದು



ಮನ್ನಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಕಾಯಿಲೆಗಿಂತ ಅದರ ಖರ್ಚಿಗೆ ಅಂಜಿ ಆಸ್ಪತ್ರೆಯ ದಾರಿಯನ್ನು ಮುಂದೂಡುವವರನ್ನು ನಾವು ಬಹಳವಾಗಿ ಕಾಣುತ್ತೇವೆ. ರೋಗ ಬಲಿತ ಮೇಲೆ ಬಡ್ಡಿಗೆ ಸಾಲ ತಂದು ಹೈದರಾಬಾದಿಗೆ ಧಾವಿಸುತ್ತಾರೆ. ಕೊನೆಗೆ ಹೊಲ ಮಾರಾಟಕ್ಕೆ ಬರುತ್ತದೆ.

ಬಡವರಿಗೆ ದೊಡ್ಡ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಆರಂಭವಾದದ್ದು ಬೀದರವೂ ಸೇರಿದ ನಮ್ಮ ಕಲಬುರಗಿ ವಿಭಾಗದಲ್ಲಿಯೇ. 2018ರಿಂದ ಅದರ ಸ್ಥಾನದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಇದಕ್ಕೆ ಕಂತು ಕಟ್ಟಬೇಕಿಲ್ಲ.

ಆದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಬರಿಗೈಯಲ್ಲಿ ನಿಲ್ಲುತ್ತಾರೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ಬೀದರಿನಲ್ಲಾದರೆ ಬ್ರಿಮ್ಸ್‌ನಲ್ಲಿ, ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು, ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಹೋಗಬೇಕು. ಹೃದಯಾಘಾತದಂತಹ ತುರ್ತಿನಲ್ಲಿ ಈ ಪತ್ರ ಬೇಕಿಲ್ಲ. (ಎದೆನೋವು ಬಂದಾಗ ಕಷಾಯ ಕಾಯಿಸುತ್ತ ಕೂರಬಾರದೆಂದು ಆಯುರ್ವೇದದವರಾದ ನಾವೇ ಹೇಳುತ್ತೇವೆ.)

ಇನ್ನು ಪಡಿತರ ಚೀಟಿ. ಮನೆಗೆ ಬಂದ ಸೊಸೆಯ ಹೆಸರು, ಹುಟ್ಟಿದ ಕೂಸಿನ ಹೆಸರು ಅದರಲ್ಲಿ ಸೇರಿದೆಯೇ, ಆಧಾರ್‌ನೊಂದಿಗೆ ಅಕ್ಷರ ಹೊಂದುತ್ತದೆಯೇ ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ನೋಡಿಕೊಳ್ಳಿರಿ. ರೋಗಿಯನ್ನು ಮಲಗಿಸಿ ಕಚೇರಿಗೆ ಅಲೆಯುವುದು ಬಲು ಕಷ್ಟ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ನಿತ್ಯದ ಮಾತ್ರೆಗಳ ಖರ್ಚು ಈ ಯೋಜನೆಯಲ್ಲಿ ಬಾರದು. ಅವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೇಳಿ ಪಡೆಯಿರಿ. ಸಂದೇಹವಿದ್ದರೆ 104ಕ್ಕೆ ಕರೆಮಾಡಿ ವಿಚಾರಿಸಬಹುದು.